ಕಣ್ಣು ಅರೆತೆರೆದು ಮಲಗುವವರಿಗೆ ಮೆಡಿಕಲ್ ಶಾಪಿನಲ್ಲಿ ಏನಿದೆ: ಹನಿ, ಜೆಲ್, ಮುಲಾಮು, ಟೇಪು, ಮಾಸ್ಕು

ಮಡಿಕೇರಿಯಲ್ಲಾಗಲಿ, ಗೋಣಿಕೊಪ್ಪದಲ್ಲಾಗಲಿ, ಸೋಮವಾರಪೇಟೆಯಲ್ಲಾಗಲಿ, ಮೆಡಿಕಲ್ ಶಾಪಿನ ಮುಂದೆ ನಿಂತು "ಅಣ್ಣಾ, ಕಣ್ಣುರಿಗೆ ಒಂದು ಡ್ರಾಪ್ಸ್ ಕೊಡಿ" ಎಂದರೆ ಕೈಗೆ ಬರುವುದು ಬಹುಮಟ್ಟಿಗೆ ಒಂದೇ ಸಾಮಾನು: 10 ಎಂ.ಎಲ್. ಬಾಟಲಿಯ ಕೃತಕ ಕಣ್ಣೀರು. ಹಗಲು ಕಂಪ್ಯೂಟರ್ ನೋಡಿ ಒಣಗುವ ಕಣ್ಣಿಗೆ ಅದು ಒಳ್ಳೆಯದೇ. ಆದರೆ ರೆಪ್ಪೆ ಪೂರ್ತಿ ಮುಚ್ಚದೆ ನಿದ್ದೆ ಹೋಗುವವರ ಪಾಡು ಬೇರೆ. ಅವರ ಕಣ್ಣು ಒಣಗುವುದು ರಾತ್ರಿ, ಸತತವಾಗಿ ಆರೇಳು ಗಂಟೆ. ಹತ್ತು ಗಂಟೆಗೆ ಹಾಕಿದ ನೀರಿನಂಥ ಹನಿ ಹತ್ತೂವರೆಯ ಹೊತ್ತಿಗೆ ಕಣ್ಣಲ್ಲಿ ಉಳಿದಿರುವುದಿಲ್ಲ. ಬಾಟಲಿ ಮೇಲೆ ಬಾಟಲಿ ಖಾಲಿ ಮಾಡಿ, ಕಂಪನಿ ಬದಲಾಯಿಸಿ, ಕೊನೆಗೆ "ಯಾವ ಡ್ರಾಪ್ಸೂ ನಾಟಲ್ಲ" ಎನ್ನುವವರಲ್ಲಿ ಇಂಥವರು ಕೆಲವರಾದರೂ ಇದ್ದೇ ಇರುತ್ತಾರೆ.

ಹಾಗಾಗಿ ಇಲ್ಲಿ ನೋಡುವುದು ರಾತ್ರಿಯ ಸಾಮಾನನ್ನು ಮಾತ್ರ. ಅಂಕ ಕೊಟ್ಟಿರುವುದಕ್ಕೆ ಅಳತೆಗೋಲು ಒಂದೇ: ಬೆಳಗ್ಗೆ ಏಳುವಾಗ ಕಣ್ಣು ಸಲೀಸಾಗಿ ಬಿಚ್ಚುತ್ತದೆಯೇ, ಇಲ್ಲವೇ.

ಕೊಳ್ಳುವ ಮೊದಲು

ಮಲಗಿದವರಿಗೆ ತಮ್ಮ ಕಣ್ಣು ತೆರೆದಿದೆ ಎಂದು ಗೊತ್ತಾಗುವುದಿಲ್ಲ. ಸುಳಿವು ಸಿಗುವುದು ಹೊತ್ತಿನ ಲೆಕ್ಕದಲ್ಲಿ. ಮಾಮೂಲಿ ಒಣಗಣ್ಣು ಬೆಳಗ್ಗೆ ಹಗುರಾಗಿದ್ದು ಸಂಜೆಗೆ ಜೋರಾಗುತ್ತದೆ. ಇದು ತಿರುಗಾಮುರುಗಾ. ಎದ್ದ ತಕ್ಷಣ ಮರಳು ತುಂಬಿದಂತೆ ಚುಚ್ಚು, ಕೆಂಪು, ಮಬ್ಬು. ತಿಂಡಿ ಮುಗಿಸಿ ಹತ್ತು ಹನ್ನೊಂದಾಗುವಷ್ಟರಲ್ಲಿ ಅರ್ಧಕ್ಕರ್ಧ ಇಳಿದಿರುತ್ತದೆ. ಒಂದೇ ಮಗ್ಗುಲಿಗೆ ಮಲಗುವವರಿಗೆ ಎರಡು ಕಣ್ಣಿನ ತೊಂದರೆ ಸಮನಾಗಿಲ್ಲದಿರುವುದೂ ಉಂಟು.

ಖಾತ್ರಿ ಮಾಡಿಕೊಳ್ಳಲು ಮನೆಯವರ ನೆರವು ಬೇಕು. ನಿದ್ದೆ ಹತ್ತಿ ಒಂದೆರಡು ಗಂಟೆ ಕಳೆದ ಮೇಲೆ ಮೊಬೈಲ್ ಟಾರ್ಚನ್ನು ಗೋಡೆಗೆ ತಿರುಗಿಸಿ ಇಟ್ಟು, ಆ ಮಂದ ಬೆಳಕಿನಲ್ಲಿ ನೋಡಲಿ. ನೋಡುವ ಕೋನ ಮುಖ್ಯ. ತಲೆಯ ಕಡೆಯಿಂದ ಬಗ್ಗಿ ನೋಡಿದರೆ ಮೇಲಿನ ರೆಪ್ಪೆಗೂದಲು ಸಂದಿಯನ್ನು ಮುಚ್ಚಿಬಿಡುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಗಲ್ಲದ ಕಡೆಯಿಂದ, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಆಗ ಎರಡು ರೆಪ್ಪೆಗಳ ನಡುವೆ ಉಗುರಿನ ಅಂಚಿನಷ್ಟು ತೆಳುವಾದ ಬಿಳಿ ಗೆರೆ ಕಾಣುತ್ತದೆ, 1ರಿಂದ 2 ಮಿಲಿಮೀಟರ್. ಕಪ್ಪು ಭಾಗ ಕಾಣದೆ ಬಿಳಿ ಮಾತ್ರ ಕಾಣಲು ಕಾರಣವಿದೆ: ಕಣ್ಣು ಮುಚ್ಚುವಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳುತ್ತದೆ, ವೈದ್ಯರು ಇದನ್ನು ಬೆಲ್ಸ್ ಫಿನಾಮಿನನ್ ಎನ್ನುತ್ತಾರೆ. ಪ್ರಕೃತಿ ಕೊಟ್ಟ ರಕ್ಷಣೆ ಇದು, ಆದರೆ ಎಲ್ಲರಲ್ಲೂ ಇರುವುದಿಲ್ಲ. ಸಂದಿಯಲ್ಲಿ ಕಪ್ಪು ಗುಡ್ಡೆಯೇ ಕಾಣುತ್ತಿದ್ದರೆ ಈ ಬರಹವನ್ನು ಪಕ್ಕಕ್ಕಿಟ್ಟು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಅದೇ ದೊಡ್ಡ ದಾಖಲೆ.

ಹಗಲಲ್ಲೂ ನೋಡಬಹುದು. ಕತ್ತಲೆ ಕೋಣೆಯಲ್ಲಿ ಅಂಗಾತ ಮಲಗಿ, ನಿದ್ದೆಗೆ ಜಾರುವವರಂತೆ ಕಣ್ಣನ್ನು ಮೆಲ್ಲಗೆ ಮುಚ್ಚಿಕೊಳ್ಳಿ. ಬಿಗಿಯಾಗಿ ಹಿಸುಕಿದರೆ ಎಂಥ ರೆಪ್ಪೆಯೂ ಮುಚ್ಚುತ್ತದೆ, ಪರೀಕ್ಷೆ ವ್ಯರ್ಥ. ಮೇಲಿನ ರೆಪ್ಪೆಯ ಮೇಲೆ ಪೆನ್ ಟಾರ್ಚಿನ ತುದಿ ಇಟ್ಟಾಗ ಕೂದಲಿನ ಸಾಲಿನಲ್ಲಿ ಬೆಳಕು ಸೋರಿದರೆ ಅಲ್ಲಿ ರೆಪ್ಪೆಗಳು ಕೂಡುತ್ತಿಲ್ಲ ಎಂದು ಅರ್ಥ.

ಹಸುಗೂಸು ಅರೆಗಣ್ಣಲ್ಲಿ ಮಲಗಿದರೆ ಗಾಬರಿ ಬೇಡ. ಕಣ್ಣು ಕೆಂಪಾಗದಿದ್ದರೆ, ನೀರು ಸುರಿಯದಿದ್ದರೆ ಬಹುಪಾಲು ಒಂದು ಒಂದೂವರೆ ವರ್ಷದೊಳಗೆ ತಾನೇ ಸರಿಹೋಗುತ್ತದೆ. ಕೆಳಗೆ ಹೇಳುವ ಟೇಪು, ಮಾಸ್ಕು ಯಾವುದೂ ಮಕ್ಕಳಿಗಲ್ಲ.

ಒಳಗೆ ಆಗುವುದೇನು

ಎಚ್ಚರವಿರುವಾಗ ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ರೆಪ್ಪೆ ಬಡಿದು ಕಣ್ಣೀರಿನ ಪೊರೆಯನ್ನು ಹೊಸದಾಗಿ ಬಳಿಯುತ್ತಿರುತ್ತದೆ. ನಿದ್ದೆಯಲ್ಲಿ ಬಡಿತ ಇಲ್ಲ, ಕಣ್ಣೀರು ಊರುವುದೂ ಕಡಿಮೆ. ಮುಚ್ಚಿದ ರೆಪ್ಪೆಯೇ ಆಗ ಇರುವ ಒಂದೇ ಹೊದಿಕೆ. ಅದು ಕೂಡದಿದ್ದಲ್ಲಿ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಕೆಳಭಾಗದಲ್ಲಿ ಪಟ್ಟಿಯಾಗಿ ಒಣಗುತ್ತದೆ. ಕಾರ್ನಿಯಾದ ದಪ್ಪ ನಡುವಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಮೇಲ್ಪದರವಂತೂ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಒಣಗಿದ ಮೇಲ್ಪದರಕ್ಕೆ ರೆಪ್ಪೆಯ ಒಳಮೈ ಅಂಟಿಕೊಂಡಿರುತ್ತದೆ. ಬೆಳಗ್ಗೆ ಅಲಾರಂ ಹೊಡೆದಾಗ ತಟ್ಟನೆ ಕಣ್ಣು ಬಿಟ್ಟರೆ ಆ ಅಂಟಿದ ಜಾಗ ಕಿತ್ತು ಬರುತ್ತದೆ. "ಬ್ಲೇಡಲ್ಲಿ ಗೀರಿದ ಹಾಗೆ" ಎನ್ನುವ ನೋವು ಇದೇ. ಪದೇ ಪದೇ ಕಿತ್ತರೆ ಅದೇ ಜಾಗ ಮತ್ತೆ ಮತ್ತೆ ಸುಲಿಯುತ್ತದೆ. ಸುಲಿದ ಜಾಗಕ್ಕೆ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಹೊಕ್ಕರೆ ಹುಣ್ಣು, ಹುಣ್ಣು ಮಾಗಿದರೆ ಬಿಳಿ ಕಲೆ, ಕಲೆ ನಡುವೆ ಬಿದ್ದರೆ ನೋಟಕ್ಕೇ ಕುತ್ತು. ಬಹಳ ಮಂದಿಗೆ ಇಷ್ಟು ದೂರ ಹೋಗುವುದಿಲ್ಲ, ಬೆಳಗಿನ ಉರಿಯಲ್ಲೇ ನಿಲ್ಲುತ್ತದೆ. ಆದರೆ ದಾರಿ ಇದೇ.

"ನಮ್ಮ ಕೊಡಗಲ್ಲಿ ಇಷ್ಟು ಥಂಡಿ, ಗೋಡೆಯೇ ಬೆವರುತ್ತೆ, ಕಣ್ಣು ಹೇಗೆ ಒಣಗುತ್ತೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಕೋಣೆಯ ಬೆಂಕಿಯಲ್ಲಿದೆ. ಕಕ್ಕಡದ, ಅಂದರೆ ಜುಲೈ ಆಗಸ್ಟಿನ, ಮಳೆಯಲ್ಲಿ ಹೊರಗೆ 16 ಡಿಗ್ರಿ, ತೇವಾಂಶ ಶೇಕಡಾ 95 ಎಂದುಕೊಳ್ಳಿ. ಅದೇ ಗಾಳಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಂದಲೋ ರೂಮ್ ಹೀಟರಿನಿಂದಲೋ 28 ಡಿಗ್ರಿಗೆ ಕಾದರೆ ಅದರ ತೇವಾಂಶ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಕಾದ ಗಾಳಿಗೆ ನೀರಿನ ಹಸಿವು ಹೆಚ್ಚುತ್ತದೆ ಅಷ್ಟೇ. ಆ ಹಸಿವಿಗೆ ತೆರೆದ ಕಣ್ಣೂ ಒಂದು ತುತ್ತು. ಜೊತೆಗೆ ಹಸಿ ಸೌದೆಯ ಹೊಗೆ. ಹೀಟರಿನ ಗಾಳಿ ನೇರ ಮುಖಕ್ಕೆ ಬೀಸುತ್ತಿದ್ದರೆ ಯಾವ ಮುಲಾಮೂ ಪೂರ್ತಿ ಕೆಲಸ ಮಾಡುವುದಿಲ್ಲ. ಅದನ್ನು ಕಾಲಿನ ಕಡೆಗೆ ತಿರುಗಿಸುವುದು ಈ ಪಟ್ಟಿಯಲ್ಲೇ ಅತ್ಯಂತ ಅಗ್ಗದ ಚಿಕಿತ್ಸೆ. ಕುಶಾಲನಗರದ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಫ್ಯಾನಿನ ಕಥೆಯೂ ಇಷ್ಟೇ.

ಹನಿ: ರಾತ್ರಿಗೆ 5ಕ್ಕೆ 1.5, ಹಗಲಿಗೆ 4

ಸುಲಭವಾಗಿ ಸಿಗುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5 ಪ್ರತಿಶತದ ಹನಿ, ರಿಫ್ರೆಶ್ ಟಿಯರ್ಸ್‌ನಂಥವು. ಬೇರೆ ಬೇರೆ ಹೆಸರಲ್ಲಿ ಒಳಗಿರುವ ವಸ್ತು ಒಂದೇ, ಆದ್ದರಿಂದ ಚೀಟಿ ಓದದೆ ಕಂಪನಿ ಬದಲಾಯಿಸುವುದರಲ್ಲಿ ಹುರುಳಿಲ್ಲ. ಸೋಡಿಯಂ ಹೈಯಲುರೊನೇಟ್ 0.1 ಪ್ರತಿಶತದ್ದು ತುಸು ದುಬಾರಿ, ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.

ಒಂದು ಹನಿ ಸುಮಾರು 50 ಮೈಕ್ರೋಲೀಟರ್. ಕಣ್ಣು ಹಿಡಿಯುವುದು ಸುಮಾರು 30. ಮಿಕ್ಕಿದ್ದು ಕೆನ್ನೆ ಮೇಲೆ. ಹಾಗಾಗಿ "ಎರಡೆರಡು ಹನಿ ಬಿಡಿ" ಎನ್ನುವುದು ದುಡ್ಡು ಚೆಲ್ಲುವ ಸಲಹೆ, ಒಂದು ಸಾಕು. ದಿನಕ್ಕೆ ನಾಲ್ಕು ಸಲ, ಎರಡೂ ಕಣ್ಣಿಗೆ ಒಂದೊಂದು ಹನಿಯಂತೆ 10 ಎಂ.ಎಲ್. ಬಾಟಲಿ ಇಪ್ಪತ್ತೈದು ದಿನ ಬರುತ್ತದೆ. ತೆರೆದ ಒಂದು ತಿಂಗಳಿಗೆ ಎಸೆಯಬೇಕಾದ್ದರಿಂದ ಲೆಕ್ಕ ಸರಿಹೊಂದುತ್ತದೆ. ಬಾಟಲಿ ಎರಡು ಮೂರು ತಿಂಗಳು ಬಂತು ಎಂದು ಬೀಗುವವರು ಹಳಸಿದ್ದನ್ನು ಕಣ್ಣಿಗೆ ಬಿಡುತ್ತಿದ್ದಾರೆ. ತೆರೆದ ದಿನ ಬಾಟಲಿ ಮೇಲೆ ತಾರೀಕು ಬರೆದುಬಿಡಿ.

ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕುವುದಾದರೆ ಪೊಟ್ಟಣದ ಮೇಲೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಹೆಸರಿದೆಯೇ ನೋಡಿ. ಔಷಧ ಕೆಡದಂತೆ ಹಾಕುವ ಪ್ರಿಸರ್ವೇಟಿವ್ ಅದು, ಆದರೆ ಮೊದಲೇ ಸುಲಿದ ಕಾರ್ನಿಯಾಕ್ಕೆ ತಾನೇ ಒಂದು ಪೆಟ್ಟು. ಪ್ರಿಸರ್ವೇಟಿವ್ ಇಲ್ಲದ ಬಾಟಲಿಗಳೂ, ಒಂದು ದಿನಕ್ಕಾಗುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳೂ ಬರುತ್ತವೆ. ಸಣ್ಣ ಊರಿನ ಅಂಗಡಿಯಲ್ಲಿ ಸಿದ್ಧವಿರುವುದು ಅಪರೂಪ, ಹೇಳಿಟ್ಟರೆ ತರಿಸಿಕೊಡುತ್ತಾರೆ.

ಕೆಂಪು ತೆಗೆಯುವ ಹನಿಗಳನ್ನು, ಅಂದರೆ ನ್ಯಾಫಾಜೋಲಿನ್ ಇರುವವನ್ನು, ಇಲ್ಲಿ ಸೊನ್ನೆಗೆ ಇಳಿಸುತ್ತೇವೆ. ರಕ್ತನಾಳ ಕುಗ್ಗಿಸಿ ಕಣ್ಣು ಬೆಳ್ಳಗೆ ಕಾಣಿಸುತ್ತವೆ, ಒಣಗಿದ್ದು ಒಣಗಿದ ಹಾಗೆಯೇ ಇರುತ್ತದೆ, ಬಿಟ್ಟರೆ ಕೆಂಪು ದುಪ್ಪಟ್ಟು.

ಜೆಲ್: 3

ಕಾರ್ಬೋಮರ್ 0.2 ಪ್ರತಿಶತದ ಜೆಲ್, ಇಲ್ಲವೇ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 1 ಪ್ರತಿಶತದ ಗಟ್ಟಿ ಹನಿ. ನೀರಿನ ಹನಿಗಿಂತ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಮುಲಾಮಿನಷ್ಟು ಮಬ್ಬು ಮಾಡುವುದಿಲ್ಲ. ಸಂದಿ 1 ಮಿಲಿಮೀಟರಿನೊಳಗಿದ್ದು ಬೆಳಗ್ಗೆ ಸಣ್ಣ ಉರಿ ಮಾತ್ರ ಇರುವವರಿಗೆ ಇದರಲ್ಲೇ ಸಾಕಾಗಬಹುದು. ನಡುರಾತ್ರಿ ಎದ್ದು ಹಸುವಿನ ಕೊಟ್ಟಿಗೆಗೋ ಮಗುವಿನ ತೊಟ್ಟಿಲಿಗೋ ಹೋಗಬೇಕಾದವರಿಗೆ ಮುಲಾಮಿಗಿಂತ ಇದೇ ಅನುಕೂಲ. ಹೆಚ್ಚು ಹೇಳುವುದಿಲ್ಲ.

ಮುಲಾಮು: 4.5

ಈ ತೊಂದರೆಗೆ ನಿಜವಾಗಿ ಹೊಂದುವ ಸಾಮಾನು ಇದು. ಸರಿಯಾದ ಮುಲಾಮಿನಲ್ಲಿ ಇರಬೇಕಾದ್ದು ವೈಟ್ ಸಾಫ್ಟ್ ಪ್ಯಾರಾಫಿನ್, ಲಿಕ್ವಿಡ್ ಪ್ಯಾರಾಫಿನ್, ಕೆಲವದರಲ್ಲಿ ಲ್ಯಾನೋಲಿನ್. ಅಷ್ಟೇ. ಔಷಧವೇ ಇಲ್ಲ, ಬರೀ ಜಿಡ್ಡು. ಆ ಜಿಡ್ಡು ಕಣ್ಣೀರಿನ ಮೇಲೆ ಮುಚ್ಚಳದಂತೆ ಕೂತು ಆವಿಯಾಗುವುದನ್ನು ತಡೆಯುತ್ತದೆ, ರೆಪ್ಪೆಯ ಒಳಮೈ ಕಾರ್ನಿಯಾಕ್ಕೆ ಅಂಟದಂತೆ ನೋಡಿಕೊಳ್ಳುತ್ತದೆ. ಲ್ಯಾನೋಲಿನ್ ಕುರಿಯ ಉಣ್ಣೆಯಿಂದ ಬರುವಂಥದ್ದು, ಕೆಲವರಿಗೆ ಒಗ್ಗುವುದಿಲ್ಲ. ರೆಪ್ಪೆ ತುರಿಸಿ ಊದಿದರೆ ಅದಿಲ್ಲದ್ದನ್ನು ಕೇಳಿ.

ಅಂಗಡಿಯಲ್ಲಿ ಎಡವುವುದು ಇಲ್ಲೇ. "ಕಣ್ಣಿನ ಮುಲಾಮು" ಎಂದಷ್ಟೇ ಕೇಳಿದರೆ ಆ್ಯಂಟಿಬಯಾಟಿಕ್ ಮುಲಾಮು ಕೈಗೆ ಬರುವ ಸಂಭವ ಹೆಚ್ಚು: ಕ್ಲೋರಾಂಫೆನಿಕಾಲ್, ಸಿಪ್ರೊಫ್ಲಾಕ್ಸಾಸಿನ್ ಇತ್ಯಾದಿ. ಜಿಡ್ಡು ಅದರಲ್ಲೂ ಇರುವುದರಿಂದ ನಾಲ್ಕು ದಿನ ಹಿತವೆನಿಸುತ್ತದೆ, "ನಾಟಿತು" ಎಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಬೇಡದ ಆ್ಯಂಟಿಬಯಾಟಿಕ್ ತಿಂಗಳುಗಟ್ಟಲೆ ಹಾಕುವುದು ತಪ್ಪು. ಅದಕ್ಕಿಂತ ಅಪಾಯ ಸ್ಟಿರಾಯ್ಡ್ ಬೆರೆತವು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಡಾಕ್ಟರ ಚೀಟಿ ಇಲ್ಲದೆ ಇವು ಕಣ್ಣಿನ ಹತ್ತಿರ ಸುಳಿಯಬಾರದು. ಉರಿ ಮಾಯವಾಗಿಬಿಡುತ್ತದೆ, ಅದೇ ಮೋಸ. ದಿನ ಕಳೆದಂತೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ಕಾಫಿ ಕುಯ್ಯುವಾಗ ಗಿಡದ ರೆಂಬೆ ಕಣ್ಣಿಗೆ ಬಡಿದೋ, ಭತ್ತದ ಗರಿ ತಾಗಿಯೋ ಶಿಲೀಂಧ್ರ ಹೊಕ್ಕಿದ್ದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರವಿದ್ದಂತೆ. ತೋಟದಲ್ಲಿ ಕೆಲಸ ಮಾಡುವ ಊರಿನವರಿಗೆ ಈ ಮಾತು ಎರಡು ಸಲ ಹೇಳಿದರೂ ಹೆಚ್ಚಲ್ಲ.

ಹಚ್ಚುವ ಕ್ರಮ. ಕೈ ಸೋಪಿನಲ್ಲಿ ತೊಳೆಯಿರಿ. ಹನಿಯೂ ಹಾಕುವುದಿದ್ದರೆ ಮೊದಲು ಹನಿ, ಐದು ನಿಮಿಷ ಬಿಟ್ಟು ಮುಲಾಮು. ಹಿಂದುಮುಂದಾದರೆ ಜಿಡ್ಡಿನ ಮೇಲೆ ನೀರು ಜಾರಿ ಹೋಗುತ್ತದೆ. ಟ್ಯೂಬನ್ನು ಮುಷ್ಟಿಯಲ್ಲಿ ಒಂದೆರಡು ನಿಮಿಷ ಹಿಡಿದುಕೊಳ್ಳಿ; ಮಡಿಕೇರಿಯ ಚಳಿಯಲ್ಲಿ ಪ್ಯಾರಾಫಿನ್ ಗಟ್ಟಿಯಾಗಿ ಒಮ್ಮೆಗೇ ಗುಡ್ಡೆಯಾಗಿ ಬೀಳುತ್ತದೆ. ಕನ್ನಡಿ ಮುಂದೆ ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದಾಗ ಒಂದು ಪುಟ್ಟ ಜೇಬು ಕಾಣುತ್ತದೆ. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಅರ್ಧದಿಂದ ಒಂದು ಸೆಂಟಿಮೀಟರ್ ಎಳೆ, ಅಕ್ಕಿಕಾಳಿನ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚು, ಆ ಜೇಬಿಗೆ ಬಿಡಿ. ಟ್ಯೂಬಿನ ಮೂತಿ ಕಣ್ಣಿಗೂ ರೆಪ್ಪೆಗೂದಲಿಗೂ ತಾಗಬಾರದು, ತಾಗಿದರೆ ಮೂತಿಯೇ ಸೋಂಕಿನ ಮನೆ. ಕಣ್ಣು ಮುಚ್ಚಿ ಗುಡ್ಡೆಯನ್ನು ಅತ್ತಿತ್ತ ಹೊರಳಿಸಿದರೆ ಹರಡಿಕೊಳ್ಳುತ್ತದೆ. ಆಮೇಲೆ ದೀಪ ಆರಿಸಿ ಮಲಗುವುದೇ. ಮೊಬೈಲ್ ನೋಡಲು ಹೋದರೆ ಎಲ್ಲವೂ ಮಂಜು.

ಬೆಳಗ್ಗೆ ತಟ್ಟನೆ ಕಣ್ಣು ಬಿಡಬೇಡಿ. ಮುಚ್ಚಿದಂತೆಯೇ ಗುಡ್ಡೆಯನ್ನು ಎಡಬಲ ನಾಲ್ಕೈದು ಸಲ ಹೊರಳಿಸಿ, ಮಂಚದ ಪಕ್ಕದಲ್ಲೇ ಇಟ್ಟ ಹನಿಯನ್ನು ಒಳಮೂಲೆಗೆ ಒಂದು ಬಿಟ್ಟು, ಅರೆ ನಿಮಿಷ ಕಾದು ಮೆಲ್ಲಗೆ ತೆರೆಯಿರಿ. ಇಡೀ ರಾತ್ರಿ ಉಳಿಸಿಕೊಂಡದ್ದನ್ನು ಕೊನೆಯ ಒಂದು ಕ್ಷಣದಲ್ಲಿ ಕಿತ್ತುಕೊಳ್ಳುವವರೇ ಹೆಚ್ಚು.

ಅರ್ಧ ಅಂಕ ಕಡಿದದ್ದು ಮಬ್ಬಿಗಾಗಿ. ಎದ್ದ ಮೇಲೂ ಸ್ವಲ್ಪ ಹೊತ್ತು ದೃಷ್ಟಿ ಮಸುಕು. ಮುಂಜಾನೆ ಮಂಜಿನಲ್ಲಿ ಘಾಟಿ ಇಳಿಯುವ ಡ್ರೈವರುಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅವರಿಗೆ ಜೆಲ್ಲೋ, ಕೆಳಗೆ ಹೇಳುವ ಮಾಸ್ಕೋ ಲೇಸು. ಇನ್ನು ಮನೆಯಲ್ಲಿರುವ ವ್ಯಾಸಲೀನ್ ಡಬ್ಬಿಯೂ ಪ್ಯಾರಾಫಿನ್ನೇ ತಾನೆ ಎಂದು ಕಣ್ಣಿಗೆ ಹಚ್ಚಬೇಡಿ. ವಸ್ತು ಅದೇ ಇರಬಹುದು, ಕಣ್ಣಿಗೆ ಬೇಕಾದ ಕ್ರಿಮಿಶುದ್ಧಿ ಅದರಲ್ಲಿಲ್ಲ, ಹತ್ತು ಬೆರಳು ಅದ್ದಿದ ಡಬ್ಬಿಯಲ್ಲಂತೂ ಮೊದಲೇ ಇಲ್ಲ.

ಟೇಪು: ಬಲ್ಲವರ ಕೈಯಲ್ಲಿ 4, ಅಲ್ಲದಿದ್ದರೆ 1

ಬೇಕಾದ್ದು ಕಾಗದದ ಸರ್ಜಿಕಲ್ ಟೇಪು. ಅಂಗಡಿಯಲ್ಲಿ ಎಲ್ಲ ಕಂಪನಿಯದ್ದಕ್ಕೂ "ಮೈಕ್ರೋಪೋರ್" ಎಂದೇ ಕರೆಯುತ್ತಾರೆ, ಅದು 3ಎಂ ಕಂಪನಿಯ ಹೆಸರು. ಅರ್ಧ ಇಂಚಿನದ್ದು ಸಾಕು. ಸುರುಳಿ 9.1 ಮೀಟರ್ ಇರುತ್ತದೆ; ರಾತ್ರಿಗೆ ಎರಡು ಕಣ್ಣಿಗೆ ಐದೈದು ಸೆಂಟಿಮೀಟರಿನ ಒಂದೊಂದು ಪಟ್ಟಿ ಎಂದರೆ ಒಂದು ಸುರುಳಿ ಮೂರು ತಿಂಗಳು. ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡುವ ಸಾಮಾನು ಈ ಪಟ್ಟಿಯಲ್ಲಿ ಬೇರೆ ಇಲ್ಲ. ಗಾಯದ ಬಿಳಿ ಬಟ್ಟೆ ಪ್ಲಾಸ್ಟರ್ ಬೇಡ, ಅದರ ಅಂಟಿಗೆ ರೆಪ್ಪೆಯ ಚರ್ಮ ಸುಲಿದು ಬರುತ್ತದೆ. ಸೆಲೋ ಟೇಪಿನ ಮಾತೇ ಬೇಡ. ವಯಸ್ಸಾದವರ ತೆಳು ಚರ್ಮಕ್ಕೆ ಸಿಲಿಕೋನ್ ಟೇಪು ಮೇಲು. ಬೆಲೆ ಹೆಚ್ಚು, ಆದರೆ ನೋವಿಲ್ಲದೆ ಬಿಡಿಸಿಕೊಳ್ಳುತ್ತದೆ.

ಕೆಡುವುದು ಹೇಗೆ ಎಂದರೆ: ಮುಲಾಮು ಹಚ್ಚಿದ ಬೆರಳಿನಲ್ಲೇ ಟೇಪು ಹಿಡಿಯುತ್ತಾರೆ, ರೆಪ್ಪೆ ಮೇಲೆಲ್ಲ ಜಿಡ್ಡು, ಟೇಪು ಎರಡು ಗಂಟೆಗೆ ಬಿಟ್ಟುಕೊಳ್ಳುತ್ತದೆ. ರೆಪ್ಪೆ ಒಳಗೊಳಗೇ ತೆರೆದುಕೊಂಡರೆ ಟೇಪಿನ ಅಂಟುಮೈ ನೇರ ಕಾರ್ನಿಯಾದ ಮೇಲೆ ಉಜ್ಜುತ್ತದೆ. ಟೇಪು ಹಾಕದೆ ಇದ್ದಿದ್ದರೇ ಚೆನ್ನಾಗಿತ್ತು ಎನ್ನುವ ಸ್ಥಿತಿ. ಅದಕ್ಕೇ ಅಂಕದಲ್ಲಿ ಇಷ್ಟು ಅಂತರ.

ಸರಿಯಾದ ಬಗೆ ಹೀಗೆ. ಮಲಗುವ ಮುಂಚೆ ಮುಖ ತೊಳೆದು ಒರೆಸಿ, ಕ್ರೀಮು ಹಚ್ಚಬೇಡಿ. ಎರಡು ಪಟ್ಟಿ ಮೊದಲೇ ಕತ್ತರಿಸಿ, ತುದಿಯನ್ನು ಅರ್ಧ ಸೆಂಟಿಮೀಟರ್ ಒಳಮಡಿಚಿ ಹಿಡಿ ಮಾಡಿಟ್ಟುಕೊಳ್ಳಿ. ಬೆಳಗ್ಗೆ ಉಗುರಿನಲ್ಲಿ ಕೆರೆಯುವ ಪಾಡು ತಪ್ಪುತ್ತದೆ. ಮುಲಾಮು ಹಾಕಿ, ಹೊರಗೆ ಬಂದ ಜಿಡ್ಡನ್ನು ಒಣ ಗಾಜ್ ಬಟ್ಟೆಯಲ್ಲಿ ಒರೆಸಿ. ಹತ್ತಿ ಬೇಡ, ಎಳೆ ಕಣ್ಣಿಗೆ ಹೋಗುತ್ತದೆ. ಕೆಳಗೆ ನೋಡುತ್ತಾ ಕಣ್ಣು ಮುಚ್ಚಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ತಂದು ಕೆಳರೆಪ್ಪೆಗೆ ಕೂಡಿಸಿ. ಪಟ್ಟಿಯನ್ನು ಮೇಲಿನ ರೆಪ್ಪೆಯ ಚರ್ಮದಿಂದ ಶುರುಮಾಡಿ, ಸ್ವಲ್ಪ ಓರೆಯಾಗಿ ಹೊರಮೂಲೆಯ ಕಡೆಗೆ, ಕೆನ್ನೆಯ ಮೇಲ್ಭಾಗಕ್ಕೆ ಇಳಿಸಿ. ಹಿಡಿ ಕೆನ್ನೆಯ ಕಡೆ ಇರಲಿ. ಆಮೇಲೆ ಪರೀಕ್ಷೆ: ಟೇಪಿನ ಕೆಳಗೆ ಕಣ್ಣು ತೆರೆಯಲು ಯತ್ನಿಸಿ. ಬೆಳಕು ಕಂಡರೆ ಕಿತ್ತು ಮತ್ತೆ ಹಾಕಿ. ಮೊದಲ ಕೆಲವು ದಿನ ಮನೆಯವರು ಹಾಕಿಕೊಟ್ಟರೆ ಒಳ್ಳೆಯದು, ಮುಚ್ಚಿದ ಕಣ್ಣಿಗೆ ಕನ್ನಡಿ ನೋಡಿ ಹಾಕಿಕೊಳ್ಳುವುದು ಆಗುವ ಮಾತಲ್ಲ.

ಬೆಳಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿ, ಒಂದು ಕೈಯಲ್ಲಿ ಚರ್ಮ ಹಿಡಿದು, ಕೆನ್ನೆಯಿಂದ ಮೇಲಕ್ಕೆ ಬಿಡಿಸಿ. ಎಳೆದು ಕೀಳಿದರೆ ರೆಪ್ಪೆಗೂದಲೂ ಬರುತ್ತದೆ.

ಮುಖದ ನರ ಪೂರ್ತಿ ಸೋತು ರೆಪ್ಪೆ ಅಲುಗಾಡದವರಿಗೆ, ಕಾರ್ನಿಯಾದಲ್ಲಿ ಸ್ಪರ್ಶವೇ ಇಲ್ಲದವರಿಗೆ ಟೇಪನ್ನು ತಾವಾಗಿ ಹಾಕಿಕೊಳ್ಳುವುದು ತಕ್ಕದ್ದಲ್ಲ. ಸ್ಪರ್ಶ ಇಲ್ಲದವರಿಗಂತೂ ಉಜ್ಜಿದರೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾಟ: ತೆರೆದಿಟ್ಟ ಸುರುಳಿ ತೇವ ಹೀರಿ ಅಂಟು ಕಳೆದುಕೊಳ್ಳುತ್ತದೆ, ಅಂಚಿಗೆ ಬೂಷ್ಟು ಬರುತ್ತದೆ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಇಡಿ, ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ ಬೇಡ.

ಮಾಸ್ಕು ಮತ್ತು ತೇವದ ಕನ್ನಡಕ

ಬಸ್ಸಿನಲ್ಲಿ ಹಾಕಿಕೊಂಡು ಮಲಗುವ ಚಪ್ಪಟೆ ಸ್ಯಾಟಿನ್ ಪಟ್ಟಿಗೆ 1. ಬೆಳಕು ತಡೆಯುತ್ತದೆ, ಗಾಳಿ ಮೂಗಿನ ಪಕ್ಕದಿಂದ ಧಾರಾಳವಾಗಿ ನುಗ್ಗುತ್ತದೆ. ಜಾರಿದಾಗ ಬಟ್ಟೆ ತೆರೆದ ಕಣ್ಣಿಗೇ ಉಜ್ಜುತ್ತದೆ. ಒಳಗೆ ಬಟ್ಟಲಿನಂತೆ ಗುಳಿ ಇರುವ ಮಾಸ್ಕು ರೆಪ್ಪೆಗೆ ತಾಗುವುದಿಲ್ಲ, ಅದಕ್ಕೆ 2.5. ಮುಖಕ್ಕೆ ಒಗ್ಗಿದರೆ ಒಳಗಿನ ತೇವ ತಕ್ಕಮಟ್ಟಿಗೆ ನಿಲ್ಲುತ್ತದೆ.

ಅಂಚಿಗೆ ಮೆತ್ತನೆ ಸಿಲಿಕೋನ್ ಇರುವ, ರಾತ್ರಿಗೆಂದೇ ಮಾಡಿದ ತೇವದ ಕನ್ನಡಕಕ್ಕೆ 4. ಸ್ಥಳೀಯ ಅಂಗಡಿಯಲ್ಲಿ ಕಾಣುವುದಿಲ್ಲ, ಆನ್‌ಲೈನಲ್ಲಿ ತರಿಸಬೇಕು, ಮೂಗಿನ ಸೇತುವೆಯ ಅಗಲ ಹೊಂದದಿದ್ದರೆ ವಾಪಸು ಮಾಡುವ ಅವಕಾಶ ಇರುವಲ್ಲೇ ಕೊಳ್ಳಿ. ಒಳಗೆ ಸಣ್ಣ ಆವಿ ಕಟ್ಟಿದರೆ ಅದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಪ್ರತಿ ದಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು, ನಮ್ಮ ಹವೆಯಲ್ಲಿ ಒಂದು ವಾರ ಬಿಟ್ಟರೆ ಅಂಚು ಕಪ್ಪಾಗುತ್ತದೆ. ಈಜುವ ಕನ್ನಡಕ ಇದಕ್ಕೆ ಬದಲಿ ಅಲ್ಲ. ಅದು ಹೀರಿ ಹಿಡಿದು ಕಣ್ಣಿನ ಸುತ್ತ ಒತ್ತುತ್ತದೆ, ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಅಂದರೆ ಗ್ಲಾಕೋಮಾ, ಇರುವವರು ಆರೇಳು ಗಂಟೆ ಹಾಕಿಕೊಳ್ಳಲೇಬಾರದು. ತೀವ್ರ ನಿಗಾ ಘಟಕಗಳಲ್ಲಿ ಪ್ರಜ್ಞೆ ಇಲ್ಲದ ರೋಗಿಗಳ ಕಣ್ಣಿಗೆ ತೆಳು ಪಾಲಿಥೀನ್ ಹಾಳೆ ಮುಚ್ಚಿ ತೇವ ಹಿಡಿಯುವುದೂ ಇದೇ ತತ್ವ.

ಉಸಿರಿನ ಯಂತ್ರ, ಅಂದರೆ ಸಿಪ್ಯಾಪ್, ಹಾಕಿಕೊಂಡು ಮಲಗುವವರು ಕಣ್ಣಿಗೆ ಏನನ್ನೂ ಕೊಳ್ಳುವ ಮೊದಲು ಮುಖವಾಡದ ಮೇಲಂಚಿಗೆ ಕೈ ಹಿಡಿದು ನೋಡಲಿ. ಗಾಳಿ ಅಲ್ಲಿಂದ ಸೋರಿ ನೇರ ಕಣ್ಣಿಗೆ ಹೊಡೆಯುತ್ತಿದ್ದರೆ ಅದರ ಅಳತೆ ಬದಲಾಯಿಸುವುದೇ ಮದ್ದು.

ಮನೆಮದ್ದು: ಅಂಕವಿಲ್ಲ

ಕೊಡಗಿನ ಜೇನು ಬ್ರೆಡ್ಡಿಗೂ ಕೆಮ್ಮಿಗೂ ಬಲು ಒಳ್ಳೆಯದು. ಕಣ್ಣಿಗೆ ಬಿಡಬೇಡಿ, ಬಾಟಲಿಯ ಜೇನು ಕ್ರಿಮಿಶುದ್ಧವಲ್ಲ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸಕ್ಕೂ ಇದೇ ಮಾತು. ಸುಲಿದ ಕಾರ್ನಿಯಾ ಎಂದರೆ ತೆರೆದ ಗಾಯ. ಅಜ್ಜಿಗೆ ಬೇಸರವಾಗದಂತೆ ನಂದಿಬಟ್ಟಲನ್ನು ತೊಳೆದು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಳ್ಳಿ, ರಸ ಒಳಗೆ ಇಳಿಯದಿದ್ದರಾಯಿತು. ಮಲಗುವ ಮುನ್ನ ಎರಡು ಪೆಗ್ಗು ಹಾಕಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಸರಿ. ಆದರೆ ಮದ್ಯ, ನಿದ್ದೆ ಮಾತ್ರೆ ಎರಡೂ ರೆಪ್ಪೆಯ ಬಿಗಿಯನ್ನು ಸಡಿಲಿಸಿ, ಗುಡ್ಡೆ ಮೇಲೆ ಹೊರಳುವ ರಕ್ಷಣೆಯನ್ನೂ ಮಂಕಾಗಿಸಬಲ್ಲವು. ಮದುವೆ ಮನೆಯ ಮಾರನೆಯ ದಿನ ಕಣ್ಣು ಹೆಚ್ಚು ಉರಿದರೆ ದೋಷ ಹೊಗೆಯದ್ದು ಮಾತ್ರ ಅಲ್ಲ.

ಅಂಗಡಿ ಬಿಟ್ಟು ಆಸ್ಪತ್ರೆಗೆ

ಮೇಲಿನದೆಲ್ಲ ಕಾರಣ ಗೊತ್ತಿದ್ದವರಿಗೆ, ಇಲ್ಲವೇ ತೊಂದರೆ ಸಣ್ಣದಿದ್ದವರಿಗೆ. ಮುಖ ಒಂದು ಕಡೆ ವಾಲಿ ಒಂದೇ ಕಣ್ಣು ಮುಚ್ಚದಾದರೆ ಅದು ಮುಖದ ನರ ಸೋಲುವ ಬೆಲ್ಸ್ ಪಾಲ್ಸಿ ಇರಬಹುದು. "ಥಂಡಿ ಗಾಳಿ ಹೊಡೆದಿದೆ, ಉಜ್ಜಿದರೆ ಹೋಗುತ್ತೆ" ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಫಲ ಹೆಚ್ಚು. (ಇದು ಮಾತ್ರೆ, ಡಾಕ್ಟರು ಕೊಡುವಂಥದ್ದು, ಮೇಲೆ ಬೈದ ಮುಲಾಮಲ್ಲ.) ಮುಖ ವಾಲಿದರೂ ಹಣೆ ಎರಡೂ ಕಡೆ ಸುಕ್ಕಾಗುತ್ತಿದ್ದರೆ, ಕೈಕಾಲು ಸೋತಿದ್ದರೆ, ಮಾತು ತೊದಲಿದರೆ ಅದು ಮೆದುಳಿನ ಪಾರ್ಶ್ವವಾಯು ಆಗಿರಬಹುದು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಗುಡ್ಡೆ ಮುಂದೆ ಚಾಚಿದಂತಿದ್ದು ತೂಕ ಇಳಿಯುತ್ತಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಥೈರಾಯ್ಡ್ ನೋಡಿಸಬೇಕು. ಜೋರು ಗೊರಕೆ, ಹಗಲು ತೂಕಡಿಕೆ, ಮೇಲಿನ ರೆಪ್ಪೆ ರಬ್ಬರಿನಂತೆ ಸಡಿಲ, ಇವು ಮೂರೂ ಕೂಡಿದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಗುಮಾನಿ. ಕುಷ್ಠ, ಸುಟ್ಟ ಗಾಯದ ಕಲೆ, ರೆಪ್ಪೆಯ ಶಸ್ತ್ರಚಿಕಿತ್ಸೆ, ಇವೂ ಕಾರಣಗಳ ಪಟ್ಟಿಯಲ್ಲಿವೆ.

ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಬೆಳಕು ನೋಡಲಾಗದ ನೋವು, ಕೀವು, ಮಧ್ಯಾಹ್ನವಾದರೂ ಇಳಿಯದ ಮಬ್ಬು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನದಿಂದಲೇ ನಿಲ್ಲಿಸಬೇಕು.

ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಕಾರ್ನಿಯಾ ತಜ್ಞರೇ ಬೇಕೆಂದರೆ ಮೈಸೂರು, ಮಂಗಳೂರು, ಇಲ್ಲವೇ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ. ಎಲ್ಲೇ ಹೋದರೂ ಬೆಳಗಿನ ಹೊತ್ತಿನ ಸರದಿ ಕೇಳಿ. ಈ ಕಾಯಿಲೆಯ ಗುರುತು ಹೊತ್ತೇರಿದಂತೆ ಮಾಸುತ್ತದೆ. ಮಧ್ಯಾಹ್ನ ಮೂರಕ್ಕೆ ಕೂತು "ಬೆಳಗ್ಗೆ ಬಹಳ ಉರಿ ಇತ್ತು ಸಾರ್" ಎಂದರೆ ಮಾಮೂಲಿ ಒಣಗಣ್ಣೆಂದು ಬರೆದುಕೊಡುವ ಸಂಭವವೇ ಹೆಚ್ಚು, ಅದರಲ್ಲಿ ಡಾಕ್ಟರ ತಪ್ಪೂ ಇಲ್ಲ. ಹೋಗುವ ದಿನ ಬೆಳಗ್ಗೆ ಮುಲಾಮು ಹಚ್ಚಬೇಡಿ, ಅದರ ಜಿಡ್ಡು ಬಣ್ಣದ ಪರೀಕ್ಷೆಗೆ ಅಡ್ಡ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದಾಗ ಸುಲಿದ ಜಾಗ ಹಸಿರಾಗಿ ಹೊಳೆಯುತ್ತದೆ. ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಪಟ್ಟಿಯಂತೆ ಹಸಿರು ಚುಕ್ಕೆ ಇದ್ದರೆ ರಾತ್ರಿಯ ಸಂದಿಯೇ ಕಾರಣ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಮುಲಾಮು, ಟೇಪುಗಳಿಗೆ ಬಗ್ಗದವರಿಗೆ ರೆಪ್ಪೆಗಳ ಹೊರಮೂಲೆಯನ್ನು ಸ್ವಲ್ಪ ಹೊಲಿಯುವುದು, ಮೇಲಿನ ರೆಪ್ಪೆಯೊಳಗೆ ಸುಮಾರು ಒಂದು ಗ್ರಾಂ ತೂಕದ ಚಿನ್ನದ ಪುಟ್ಟ ತುಂಡು ಇಟ್ಟು ಭಾರಕ್ಕೆ ಮುಚ್ಚುವಂತೆ ಮಾಡುವುದು, ಇವೆಲ್ಲ ಇವೆ.

ಮೊಬೈಲಿನಲ್ಲಿ ತೆಗೆದ ಆ ರಾತ್ರಿಯ ಫೋಟೋ, ಬಳಸುತ್ತಿರುವ ಎಲ್ಲ ಬಾಟಲಿ, ಟ್ಯೂಬುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಆ ನೀಲಿ ಮುಚ್ಚಳದ್ದು" ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ನೀಲಿ ಮುಚ್ಚಳದವು ಹತ್ತಾರಿವೆ.